ಅಕ್ವೇರಿಯಂ ಮೀನುಗಳ ಸಂತಾನೋತ್ಪತ್ತಿಗೆ ನೀರಿನ ಹದ: ಚಿಕ್ಕಬಳ್ಳಾಪುರ ಸೀಮೆಯ ಗಡಸು ನೀರು

ಅಕ್ವೇರಿಯಂನಲ್ಲಿ ಸಾಕುವ ಸಿಹಿನೀರಿನ ಮೀನುಗಳು ಮೊಟ್ಟೆಯಿಡುವುದಕ್ಕೆ ಅಥವಾ ಮರಿ ಹಾಕುವುದಕ್ಕೆ, ಆ ಮೊಟ್ಟೆಗಳು ಒಡೆದು ಮರಿಗಳು ಬದುಕಿ ಉಳಿಯುವುದಕ್ಕೆ ತಕ್ಕಂತೆ ನೀರಿನಲ್ಲಿ ಕರಗಿರುವ ಲವಣಗಳ ಮೊತ್ತ, ಗಡಸುತನ, ಕ್ಷಾರೀಯತೆ ಮತ್ತು ಆಮ್ಲೀಯತೆಗಳನ್ನು ಹೊಂದಿಸಿಕೊಳ್ಳುವ ಕ್ರಮವೇ ನೀರಿನ ಹದಗೊಳಿಸುವಿಕೆ. ಮೀನನ್ನು ಜೀವಂತವಾಗಿ ಇಟ್ಟುಕೊಳ್ಳಲು ಬೇಕಾದ ನೀರಿಗೂ ಅದರ ಸಂತಾನ ಬೆಳೆಸಲು ಬೇಕಾದ ನೀರಿಗೂ ವ್ಯತ್ಯಾಸವಿದೆ. ಬೆಳೆದ ಮೀನು ತಾಳಿಕೊಳ್ಳುವ ಗಡಸುತನವನ್ನು ಅದೇ ಮೀನಿನ ಮೊಟ್ಟೆ ತಾಳಿಕೊಳ್ಳದೆ ಹೋಗಬಹುದು. ಕೊಳವೆಬಾವಿಯ ನೀರನ್ನೇ ನೆಚ್ಚಿಕೊಂಡಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲಿನ ನೀರು ಕೆಲವು ಮೀನುಗಳಿಗೆ ಯಾವ ತಿದ್ದುಪಡಿಯೂ ಇಲ್ಲದೆ ಒಗ್ಗುತ್ತದೆ, ಇನ್ನು ಕೆಲವಕ್ಕೆ ಬಹುಪಾಲು ಬದಲಾಯಿಸಿದ ಹೊರತು ಒಗ್ಗುವುದೇ ಇಲ್ಲ.

ನೀರಿನ ಮೂಲಗಳು

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಮುಂತಾದ ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ಜಿಲ್ಲೆಯಲ್ಲಿ ಒಂದೂ ಇಲ್ಲ. ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಗಟ್ಟಿ ಹಾಸು. ಮಳೆನೀರು ಈ ಬಂಡೆಗಳ ಬಿರುಕುಗಳಲ್ಲಿ ಇಳಿದು ವರ್ಷಗಟ್ಟಲೆ ನಿಲ್ಲುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬನೇಟ್, ಫ್ಲೋರೈಡ್‌ಗಳನ್ನು ಕರಗಿಸಿಕೊಳ್ಳುತ್ತದೆ. ಅಂತರ್ಜಲದ ಅತಿಬಳಕೆಯಿಂದ ಕೊಳವೆಬಾವಿಗಳು ಸಾವಿರ ಅಡಿಗೂ ಆಳಕ್ಕೆ ಇಳಿದಿರುವುದರಿಂದ ಮೇಲಕ್ಕೆ ಬರುವ ನೀರು ಹಲವೆಡೆ ಬಂಡೆಯೊಡನೆ ದೀರ್ಘಕಾಲ ಒಡನಾಡಿದ ಹಳೆಯ ನೀರಾಗಿರುತ್ತದೆ. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಪರೆ, ಸೋಪು ನೊರೆ ಬಿಡದಿರುವುದು, ಬೇಳೆ ಬೇಗ ಬೇಯದಿರುವುದು, ಇವೆಲ್ಲ ಈ ಸೀಮೆಯ ಮನೆಮನೆಯಲ್ಲೂ ಕಾಣುವ ಗಡಸು ನೀರಿನ ಲಕ್ಷಣಗಳು.

ಎಲ್ಲ ಕೊಳವೆಬಾವಿಗಳ ನೀರೂ ಒಂದೇ ಬಗೆಯದಲ್ಲ. ಒಂದೇ ಊರಿನ ಎರಡು ಹೊಲಗಳ ನೀರು ಬೇರೆ ಬೇರೆ ಆಗಿರಬಹುದು. ಒಂದೇ ಬಾವಿಯ ನೀರು ಮಳೆಗಾಲದಲ್ಲಿ ಒಂದು ಬಗೆ, ಏಪ್ರಿಲ್ ತಿಂಗಳಲ್ಲಿ ಇನ್ನೊಂದು ಬಗೆ ಆಗಬಹುದು. ಫ್ಲೋರೈಡ್ ಅಧಿಕವಾಗಿರುವ ಕೆಲವು ಬಾವಿಗಳಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬನೇಟ್ ಹೆಚ್ಚಾಗಿರುತ್ತದೆ. ಅಂಥ ನೀರು ಮುಟ್ಟಿದರೆ ಮೆದು, ಆದರೆ ಕ್ಷಾರೀಯತೆಯಲ್ಲಿ ಗಡಸು ನೀರನ್ನೂ ಮೀರಿಸುವಂಥದ್ದು. ತರಕಾರಿ ಮತ್ತು ಹಿಪ್ಪುನೇರಳೆ ತೋಟಗಳ ನಡುವಿನ ಬಾವಿಗಳಲ್ಲಿ ಗೊಬ್ಬರದಿಂದ ಇಳಿದ ನೈಟ್ರೇಟ್ ಕೂಡ ಸೇರಿರಬಹುದು.

ಕೊಳವೆಬಾವಿಯನ್ನು ಬಿಟ್ಟರೆ ಲಭ್ಯವಿರುವ ಮೂಲಗಳು ನಾಲ್ಕು. ಮೊದಲನೆಯದು ಪಟ್ಟಣಗಳ ನಲ್ಲಿ ನೀರು. ಚಿಕ್ಕಬಳ್ಳಾಪುರಕ್ಕೆ ನೀರೊದಗಿಸುವ ಜಕ್ಕಲಮಡಗು ಜಲಾಶಯದಂಥ ಮೇಲ್ಮೈ ಮೂಲದ ನೀರು ಕೊಳವೆಬಾವಿಯ ನೀರಿಗಿಂತ ಮೆದುವಾಗಿರುತ್ತದೆ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಎರಡನೆಯದು ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನಿಗೆ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದ ನೀರು. ಮೂರನೆಯದು ಛಾವಣಿಯ ಮಳೆನೀರು. ನಾಲ್ಕನೆಯದು ಕೆರೆಯ ನೀರು; ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರನ್ನು ಪೈಪಿನ ಮೂಲಕ ತಂದು ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆ ಬಂದ ಮೇಲೆ ಬತ್ತಿದ್ದ ಹಲವು ಕೆರೆಗಳಲ್ಲಿ ನೀರು ನಿಂತಿದೆ. ಆ ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು ನೇರ ಬಳಕೆಯಲ್ಲ. ರಂಜಕ ಮತ್ತು ಸಾರಜನಕದ ಅಂಶಗಳು ಉಳಿದಿರುವ ಅಂಥ ನೀರು ಮೊಟ್ಟೆ ಮತ್ತು ಎಳೆಮರಿಗಳ ತೊಟ್ಟಿಗೆ ತಕ್ಕುದಲ್ಲ.

ಮುಖ್ಯ ಅಳತೆಗಳು

ನೀರಿನ ಗುಣವನ್ನು ತಿಳಿಯಲು ನಾಲ್ಕು ಅಳತೆಗಳು ಬೇಕು. ಕರಗಿರುವ ಎಲ್ಲ ಲವಣಗಳ ಒಟ್ಟು ತೂಕವನ್ನು ಟಿಡಿಎಸ್ ಎನ್ನುತ್ತಾರೆ. ಅದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ರೂಢಿ. ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ ವಾಸ್ತವದಲ್ಲಿ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಆ ಅಂಕಿಯನ್ನು ಸುಮಾರು 0.5ರಿಂದ 0.7ರವರೆಗಿನ ಒಂದು ಗುಣಕದಿಂದ ಗುಣಿಸಿ ತೋರಿಸುತ್ತದೆ. ಹೀಗಾಗಿ ಯಾವ ಲವಣ ಎಷ್ಟಿದೆ ಎಂಬುದನ್ನು ಅದು ಹೇಳಲಾರದು.

ಗಡಸುತನವೆಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳ ಮೊತ್ತ. ಇದನ್ನು ಕ್ಯಾಲ್ಸಿಯಂ ಕಾರ್ಬನೇಟ್‌ಗೆ ಸಮನಾದ ಮಿಲಿಗ್ರಾಂಗಳಲ್ಲಿ ಹೇಳುತ್ತಾರೆ; ಅಕ್ವೇರಿಯಂ ಸಾಹಿತ್ಯದಲ್ಲಿ ಬರುವ ಒಂದು ಜರ್ಮನ್ ಡಿಗ್ರಿ ಲೀಟರಿಗೆ 17.85 ಮಿಲಿಗ್ರಾಂಗೆ ಸಮ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ ಒಪ್ಪಬಹುದಾದ ಮಿತಿ 600. ಟಿಡಿಎಸ್‌ಗೆ ಈ ಮಿತಿಗಳು 500 ಮತ್ತು 2000, ಫ್ಲೋರೈಡ್‌ಗೆ 1 ಮತ್ತು 1.5. ಕುಡಿಯಲು ಯೋಗ್ಯವೆನಿಸಿದ ನೀರು ಕೂಡ ಮೆದು ನೀರಿನ ಮೀನಿನ ಮೊಟ್ಟೆಗೆ ಹತ್ತಾರು ಪಟ್ಟು ಗಡಸಾಗಿರಬಹುದು ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಕ್ಷಾರೀಯತೆ ಎಂಬುದು ಆಮ್ಲವನ್ನು ಹೀರಿಕೊಂಡು ಮಣಿಯದೆ ನಿಲ್ಲುವ ನೀರಿನ ಸಾಮರ್ಥ್ಯ. ಈ ಸೀಮೆಯ ನೀರಿನಲ್ಲಿ ಆ ಕೆಲಸ ಮಾಡುವುದು ಬಹುತೇಕ ಬೈಕಾರ್ಬನೇಟ್. ಅಕ್ವೇರಿಯಂ ಬಳಕೆಯಲ್ಲಿ ಇದನ್ನೇ ಕಾರ್ಬನೇಟ್ ಗಡಸುತನವೆಂದು ಕರೆಯುತ್ತಾರಾದರೂ ಗಡಸುತನವೇ ಬೇರೆ, ಇದೇ ಬೇರೆ. ಪಿಎಚ್ ಎಂಬುದು ಆಮ್ಲೀಯತೆಯ ಅಳತೆ. 7 ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಇದು ಲಾಗರಿತಮ್ ಆಧಾರಿತ ಮಾನವಾದ್ದರಿಂದ ಒಂದು ಅಂಕ ಬದಲಾದರೆ ಆಮ್ಲೀಯತೆ ಹತ್ತು ಪಟ್ಟು ಬದಲಾಗುತ್ತದೆ.

ಕೊಳವೆಬಾವಿಯಿಂದ ಆಗತಾನೇ ಎತ್ತಿದ ನೀರಿನ ಪಿಎಚ್ ಅಳತೆ ಮೋಸಗೊಳಿಸುತ್ತದೆ. ಆಳದ ಒತ್ತಡದಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಅದರಲ್ಲಿ ತುಂಬಿರುವುದರಿಂದ ಪಿಎಚ್ 7ರ ಆಸುಪಾಸಿನಲ್ಲಿ ತೋರಬಹುದು. ಬಕೆಟ್ಟಿನಲ್ಲಿ ಒಂದು ದಿನ ಗಾಳಿಯಾಡಿಸಿ ಅಳೆದರೆ ಅನಿಲ ಹಾರಿಹೋಗಿ ಅದೇ ನೀರು 8ನ್ನು ದಾಟಿರುತ್ತದೆ. ಆಗತಾನೇ ಎತ್ತಿದ ನೀರಿನಲ್ಲಿ ಆಮ್ಲಜನಕವೂ ಕಡಿಮೆಯಿರುತ್ತದೆ. ಹೀಗಾಗಿ ಕೊಳವೆಬಾವಿಯ ನೀರನ್ನು ಒಂದು ದಿನವಾದರೂ ಗಾಳಿಯಾಡಿಸಿ, ಆಮೇಲೆ ಅಳೆದು ಬಳಸುವುದು ಮೊದಲ ನಿಯಮ.

ಗಡಸುತನದ ಖಚಿತ ಪರೀಕ್ಷೆ ಹೀಗೆ ನಡೆಯುತ್ತದೆ: ಅಳೆದ ನೀರಿಗೆ ಪಿಎಚ್ ಸ್ಥಿರವಾಗಿಡುವ ದ್ರಾವಣ ಮತ್ತು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಸೇರಿಸಿದಾಗ ನೀರು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ, ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದಂತೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸೂಚಕದಿಂದ ಕಿತ್ತುಕೊಳ್ಳುತ್ತದೆ, ಕೆಂಪು ನೇರಳೆಯಾಗಿ, ಕೊನೆಯ ಒಂದು ಹನಿಗೆ ತಟ್ಟನೆ ಶುದ್ಧ ನೀಲಿಯಾಗುತ್ತದೆ. ಖರ್ಚಾದ ದ್ರಾವಣದ ಅಳತೆಯೇ ಗಡಸುತನದ ಅಳತೆ. ಅಂಗಡಿಯಲ್ಲಿ ಸಿಗುವ ಹನಿ ಎಣಿಸುವ ಕಿಟ್‌ಗಳು ಇದೇ ತತ್ತ್ವದ ಚಿಕ್ಕ ರೂಪ.

ಸಂತಾನೋತ್ಪತ್ತಿಯ ಮೇಲೆ ಪರಿಣಾಮ

ಸಿಹಿನೀರಿನ ಮೀನಿನ ರಕ್ತದಲ್ಲಿ ಲವಣಾಂಶ ಸುತ್ತಲಿನ ನೀರಿಗಿಂತ ಹೆಚ್ಚಿರುವುದರಿಂದ ಕಿವಿರು ಮತ್ತು ಚರ್ಮದ ಮೂಲಕ ನೀರು ಸದಾ ಒಳಗೆ ನುಗ್ಗುತ್ತಿರುತ್ತದೆ. ಅದನ್ನು ಮೂತ್ರಪಿಂಡ ಹೊರಹಾಕುತ್ತಿರುತ್ತದೆ. ಇದೇ ಪರಾಸರಣ ಕ್ರಿಯೆ ಮೊಟ್ಟೆಯಲ್ಲೂ ನಡೆಯುತ್ತದೆ. ಮೊಟ್ಟೆ ನೀರಿಗೆ ಬಿದ್ದ ಕೂಡಲೇ ನೀರನ್ನು ಹೀರಿ ಉಬ್ಬುತ್ತದೆ, ಹೊರಪೊರೆ ಬಿಗಿದು ಗಟ್ಟಿಯಾಗುತ್ತದೆ. ಗಂಡಿನ ವೀರ್ಯಾಣುಗಳು ನೀರಿನ ಸ್ಪರ್ಶದಿಂದಲೇ ಚುರುಕಾಗುತ್ತವೆ. ಬಹುತೇಕ ಸಿಹಿನೀರಿನ ಮೀನುಗಳಲ್ಲಿ ಆ ಚುರುಕು ಒಂದೆರಡು ನಿಮಿಷ ಮೀರುವುದಿಲ್ಲ. ಅಷ್ಟರೊಳಗೆ ಅವು ಮೊಟ್ಟೆಯ ಸೂಕ್ಷ್ಮರಂಧ್ರವನ್ನು ಹೊಕ್ಕರೆ ಮಾತ್ರ ಫಲೀಕರಣ.

ಅಮೆಜಾನ್‌ನಂಥ ಮಳೆಕಾಡಿನ ತೊರೆಗಳಲ್ಲಿ ವಿಕಾಸಗೊಂಡ ನಿಯಾನ್ ಟೆಟ್ರಾ, ಡಿಸ್ಕಸ್‌ಗಳ ಮೊಟ್ಟೆಗಳು ಲವಣ ಬಹುತೇಕ ಇಲ್ಲದ ನೀರಿಗೆ ಹೊಂದಿಕೊಂಡಿವೆ. ಅವನ್ನು ಗಡಸು ನೀರಿನಲ್ಲಿಟ್ಟರೆ ಫಲೀಕರಣ ಕುಸಿಯುತ್ತದೆ, ಮೊಟ್ಟೆಗಳು ಬಿಳಿಚಿಕೊಂಡು ಬೂಷ್ಟು ಹಿಡಿಯುತ್ತವೆ. ಜೋಡಿ ಆರೋಗ್ಯವಾಗಿದ್ದು ಮತ್ತೆ ಮತ್ತೆ ಮೊಟ್ಟೆಯಿಟ್ಟರೂ ಮರಿ ಕಾಣದಿರುವುದಕ್ಕೆ ಈ ಸೀಮೆಯಲ್ಲಿ ಮೊದಲು ಶಂಕಿಸಬೇಕಾದದ್ದು ನೀರನ್ನೇ. ಇದಕ್ಕೆ ವಿರುದ್ಧವಾಗಿ ಮಾಲಿಯಂಥ ಮೀನುಗಳು ಮೆದು, ಆಮ್ಲೀಯ ನೀರಿನಲ್ಲಿ ಸೊರಗಿ, ರೆಕ್ಕೆ ಮುದುರಿಕೊಂಡು ನಿಂತಲ್ಲೇ ತೊನೆದಾಡುತ್ತವೆ.

ರಸಾಯನದ ಬದಲಾವಣೆ ಮೊಟ್ಟೆಯಿಡಲು ಸೂಚನೆಯಾಗಿಯೂ ಕೆಲಸ ಮಾಡುತ್ತದೆ. ಉಷ್ಣವಲಯದ ಅನೇಕ ಮೀನುಗಳು ಮುಂಗಾರಿನ ಹೊಸ ನೀರು ಬಂದಾಗ ಮೊಟ್ಟೆಯಿಡುತ್ತವೆ. ಆಗ ಹೊಳೆಯ ಲವಣಾಂಶ ಇಳಿಯುತ್ತದೆ, ಉಷ್ಣತೆ ಕೆಲವು ಡಿಗ್ರಿ ತಗ್ಗುತ್ತದೆ, ಹರಿವು ಹೆಚ್ಚುತ್ತದೆ. ತೊಟ್ಟಿಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ನೀರನ್ನು ತೆಗೆದು, ಎರಡು-ಮೂರು ಡಿಗ್ರಿ ತಂಪಾದ ಮಳೆನೀರನ್ನು ತುಂಬುವುದರಿಂದ ಕೊರಿಡೊರಾಸ್‌ನಂಥ ಮೀನುಗಳು ಮೊಟ್ಟೆಗೆ ಬರುವುದು ಈ ಕಾರಣಕ್ಕೆ.

ನೀರಿಗೆ ತಕ್ಕ ಮೀನು

ತಿದ್ದುಪಡಿಯಿಲ್ಲದ ಸ್ಥಳೀಯ ನೀರಿಗೆ ಅತ್ಯಂತ ಒಗ್ಗುವವು ಮರಿ ಹಾಕುವ ಮೀನುಗಳು: ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್. ಇವಕ್ಕೆ 10ರಿಂದ 25 ಡಿಗ್ರಿ ಗಡಸುತನ, 7ರಿಂದ 8.2ರವರೆಗಿನ ಪಿಎಚ್ ಹಿತ. ಮೊಟ್ಟೆ ತಾಯಿಯ ಒಡಲಲ್ಲೇ ಬೆಳೆಯುವುದರಿಂದ ನೀರಿನ ಲವಣ ಅದನ್ನು ನೇರವಾಗಿ ತಟ್ಟುವುದಿಲ್ಲ. ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಈ ಸೀಮೆಗೆ ಗಪ್ಪಿಯ ಪರಿಚಯ ಅಲಂಕಾರದ ಜೊತೆಗೆ ಆರೋಗ್ಯದ ದಾರಿಯಿಂದಲೂ ಬಂದಿದೆ: 1990ರ ದಶಕದಲ್ಲಿ, ಆಗಿನ್ನೂ ಅವಿಭಜಿತವಾಗಿದ್ದ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ಸೊಳ್ಳೆಯ ಮರಿಹುಳುಗಳನ್ನು ತಿನ್ನಲು ಬಾವಿಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ಬಿಡಲಾಗಿತ್ತು.

ಆಫ್ರಿಕಾದ ಮಲಾವಿ ಮತ್ತು ಟ್ಯಾಂಗನೀಕ ಸರೋವರಗಳ ಸಿಕ್ಲಿಡ್ ಮೀನುಗಳಿಗೂ ಕ್ಷಾರೀಯ ನೀರೇ ಬೇಕು. ಮಲಾವಿ ಸರೋವರದ ಪಿಎಚ್ ಸುಮಾರು 7.7ರಿಂದ 8.6, ಟ್ಯಾಂಗನೀಕದ್ದು 9ರ ಹತ್ತಿರ. ಗೋಲ್ಡ್‌ಫಿಶ್ ಮತ್ತು ಕೋಯಿ ಕಾರ್ಪ್ ತಟಸ್ಥದಿಂದ ತುಸು ಕ್ಷಾರೀಯ ನೀರಿನಲ್ಲಿ ಚೆನ್ನಾಗಿ ವೃದ್ಧಿಸುತ್ತವೆ. ಸಮುದ್ರಮಟ್ಟದಿಂದ ಸುಮಾರು 700ರಿಂದ 900 ಮೀಟರ್ ಎತ್ತರದಲ್ಲಿರುವ ಈ ಪ್ರದೇಶದ ತಂಪು ಚಳಿಗಾಲ ಮತ್ತು ಅದರ ಹಿಂದೆಯೇ ಬರುವ ಬೆಚ್ಚನೆಯ ದಿನಗಳು ಅವುಗಳ ಸಂತಾನೋತ್ಪತ್ತಿಯ ಸಹಜ ಚಕ್ರಕ್ಕೆ ಹೊಂದುತ್ತವೆ.

ಫೈಟರ್, ಗೌರಾಮಿ, ಬಾರ್ಬ್, ಜೀಬ್ರಾ ಡ್ಯಾನಿಯೊಗಳು ಮಧ್ಯಮ ವರ್ಗಕ್ಕೆ ಸೇರಿದವು. ಇವು ಗಡಸು ನೀರಿನಲ್ಲಿ ಬದುಕುತ್ತವೆ, ಮೊಟ್ಟೆಯನ್ನೂ ಇಡುತ್ತವೆ. ಆದರೆ ಗಡಸುತನವನ್ನು 5ರಿಂದ 10 ಡಿಗ್ರಿಗೆ ಇಳಿಸಿದರೆ ಒಡೆಯುವ ಮೊಟ್ಟೆಗಳ ಪ್ರಮಾಣ ಸುಧಾರಿಸುತ್ತದೆ. ತಲೆಮಾರುಗಳಿಂದ ತೊಟ್ಟಿಯಲ್ಲೇ ಬೆಳೆದ ಏಂಜೆಲ್ ಮೀನಿನ ತಳಿಗಳೂ ಈ ಗುಂಪಿಗೇ ಸೇರುತ್ತವೆ.

ಮೂರನೆಯ ವರ್ಗ ಅಪ್ಪಟ ಮೆದು ನೀರಿನದು. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 5.5ರಿಂದ 6.5ರ ಪಿಎಚ್, ಸೆಂಟಿಮೀಟರಿಗೆ 100ರಿಂದ 200 ಮೈಕ್ರೊಸೀಮೆನ್ಸ್ ವಾಹಕತೆಯ ನೀರು ಬೇಕು. ಅದರ ಮರಿಗಳು ಮೊದಲ ದಿನಗಳಲ್ಲಿ ತಂದೆತಾಯಿಯ ಮೈಮೇಲಿನ ಲೋಳೆಯನ್ನೇ ತಿಂದು ಬೆಳೆಯುವುದರಿಂದ ಬೆಳೆದ ಮೀನುಗಳ ಆರೋಗ್ಯವೂ ಅಷ್ಟೇ ಮುಖ್ಯ. ನಿಯಾನ್ ಟೆಟ್ರಾಗೆ ಒಂದೆರಡು ಡಿಗ್ರಿ ಗಡಸುತನ, ಶೂನ್ಯದ ಹತ್ತಿರದ ಕ್ಷಾರೀಯತೆ, ಮಬ್ಬು ಬೆಳಕು ಅಗತ್ಯ. ಅದರ ಮೊಟ್ಟೆಗಳು ಸುಮಾರು ಒಂದು ದಿನದಲ್ಲಿ ಒಡೆಯುತ್ತವೆ, ಮರಿಗಳು ಈಜಲು ತೊಡಗುವುದು ಐದನೆಯ ದಿನದ ಸುಮಾರಿಗೆ. ಪಶ್ಚಿಮ ಘಟ್ಟದ ತೊರೆಗಳಿಂದ ಲೋಕದ ಅಕ್ವೇರಿಯಂಗಳಿಗೆ ಹೋದ, ಇಂದು ಅಳಿವಿನ ಅಂಚಿನ ಪಟ್ಟಿಯಲ್ಲಿರುವ ಡೆನಿಸನ್ ಬಾರ್ಬ್ ಕೂಡ ಮೆದು ನೀರಿನದೇ. ಕೊಡಗಿನ ಕಡೆಯಿಂದ ಸುಳ್ಯದ ಮೂಲಕ ಕಾಸರಗೋಡಿಗೆ ಇಳಿಯುವ ಪಯಸ್ವಿನಿ-ಚಂದ್ರಗಿರಿ ಹೊಳೆ ಅದರ ನೆಲೆಗಳಲ್ಲಿ ಒಂದು.

ಮೆದುಗೊಳಿಸುವ ವಿಧಾನಗಳು

ಈ ಸೀಮೆಯ ನೀರನ್ನು ಮೆದುಗೊಳಿಸಹೊರಟವರು ಮೊದಲು ಹಿಡಿಯುವ ದಾರಿ ಪಿಎಚ್ ಇಳಿಸುವ ಆಮ್ಲ. ಅದೇ ಅತ್ಯಂತ ನಿಷ್ಪ್ರಯೋಜಕವಾದ ದಾರಿ. ಬೈಕಾರ್ಬನೇಟ್ ತುಂಬಿದ ನೀರಿಗೆ ಆಮ್ಲ ಹಾಕಿದಾಗ ಒಂದಷ್ಟು ಬೈಕಾರ್ಬನೇಟ್ ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಟ್ಟು ಪಿಎಚ್ ಕುಸಿದಂತೆ ಕಾಣುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಆ ಅನಿಲ ಹಾರಿಹೋಗಿ, ಉಳಿದ ಬೈಕಾರ್ಬನೇಟ್ ಪಿಎಚ್ ಅನ್ನು ಮತ್ತೆ ಮೇಲೆತ್ತುತ್ತದೆ. ಮರುದಿನ ಮತ್ತೆ ಆಮ್ಲ, ಮತ್ತೆ ಏರಿಕೆ. ಈ ಓಲಾಟ ಮೀನಿಗೆ ಸ್ಥಿರವಾದ 8ರ ಪಿಎಚ್‌ಗಿಂತ ಹೆಚ್ಚು ಹಾನಿಕರ. ಕ್ಯಾಲ್ಸಿಯಂ ಇದ್ದಲ್ಲೇ ಇರುತ್ತದೆ, ಆಮ್ಲದ ಕ್ಲೋರೈಡ್ ಅಥವಾ ಫಾಸ್ಫೇಟ್ ನೀರಿನಲ್ಲೇ ಉಳಿಯುತ್ತದೆ. ಕಾಡುಬಾದಾಮಿಯ ಒಣ ಎಲೆ, ಪೀಟ್ ಮತ್ತು ಮರದ ಬೊಡ್ಡೆಗಳಿಂದ ಇಳಿಯುವ ಟ್ಯಾನಿನ್ ಹಾಗೂ ಹ್ಯೂಮಿಕ್ ಆಮ್ಲಗಳು ಬೂಷ್ಟನ್ನು ಸ್ವಲ್ಪ ತಡೆಯುತ್ತವೆ, ನೀರಿಗೆ ಚಹಾದ ಬಣ್ಣ ಕೊಡುತ್ತವೆ. ಆದರೆ ಕ್ಷಾರೀಯತೆ ಇಳಿಯದ ಹೊರತು ಅವೂ ಪಿಎಚ್ ಅನ್ನು ಅಲುಗಿಸಲಾರವು. ನರ್ಸರಿ ಮತ್ತು ಪಾಲಿಹೌಸ್‌ಗಳಲ್ಲಿ ಹೇರಳವಾಗಿ ಸಿಗುವ ತೆಂಗಿನ ನಾರಿನ ಪುಡಿಯನ್ನು ಪೀಟ್ ಎಂದು ಭಾವಿಸಿ ಹಾಕಬಾರದು. ತೊಳೆಯದ ಪುಡಿಯಲ್ಲಿ ಉಪ್ಪಿನಂಶವೇ ಅಧಿಕವಾಗಿರಬಹುದು.

ಮನೆಗಳಲ್ಲಿ ಅಳವಡಿಸುವ ವಾಟರ್ ಸಾಫ್ಟ್‌ನರ್ ಕೂಡ ಇಲ್ಲಿ ನೆರವಾಗುವುದಿಲ್ಲ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಅವುಗಳ ಬದಲು ಸೋಡಿಯಂ ಬಿಡುತ್ತದೆ; ಗಡಸುತನ ಇಳಿದರೂ ಟಿಡಿಎಸ್ ಮತ್ತು ಕ್ಷಾರೀಯತೆ ಹಾಗೆಯೇ ಉಳಿಯುತ್ತವೆ. ಕುದಿಸುವುದರಿಂದ ಬೈಕಾರ್ಬನೇಟ್‌ಗೆ ಸಂಬಂಧಿಸಿದ ತಾತ್ಕಾಲಿಕ ಗಡಸುತನ ಬಿಳಿಯ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ತಳ ಸೇರುತ್ತದೆಯಾದರೂ ಸಲ್ಫೇಟ್, ಕ್ಲೋರೈಡ್‌ಗಳ ಶಾಶ್ವತ ಗಡಸುತನ ಹೋಗುವುದಿಲ್ಲ. ಇಂಧನದ ಖರ್ಚೂ ಹೆಚ್ಚು.

ನಿಜವಾದ ಪರಿಹಾರ ಲವಣವನ್ನು ತೆಗೆದುಹಾಕುವುದು, ಇಲ್ಲವೆ ಲವಣರಹಿತ ನೀರನ್ನು ಬೆರೆಸುವುದು. ಆರ್‌ಒ (ರಿವರ್ಸ್ ಆಸ್ಮೋಸಿಸ್) ಪೊರೆಯ ಮೂಲಕ ಒತ್ತಡದಿಂದ ಹಾಯಿಸಿದ ನೀರಿನಲ್ಲಿ ಲವಣಗಳ ಶೇ 90ಕ್ಕೂ ಹೆಚ್ಚು ಪಾಲು ಕಳೆದುಹೋಗುತ್ತದೆ, ಫ್ಲೋರೈಡ್ ಕೂಡ ಬಹುಪಾಲು ಹೋಗುತ್ತದೆ. ಹಳ್ಳಿಯ ಶುದ್ಧ ನೀರಿನ ಘಟಕದ ನೀರು ಇದಕ್ಕೆ ಅಗ್ಗದ ಮೂಲ. ಆದರೆ ರುಚಿಗಾಗಿ ಕಚ್ಚಾ ನೀರನ್ನು ಬೆರೆಸಿರುವ ಸಾಧ್ಯತೆಯೂ ಪೊರೆ ಹಳತಾಗಿರುವ ಸಾಧ್ಯತೆಯೂ ಇರುವುದರಿಂದ ಪ್ರತಿ ಕ್ಯಾನನ್ನೂ ಮೀಟರಿನಿಂದ ಅಳೆದೇ ಬಳಸಬೇಕು.

ಬೆರಕೆಯ ಲೆಕ್ಕ ಸರಳ. ಕೊಳವೆಬಾವಿಯ ನೀರಿನ ಗಡಸುತನ 450, ಆರ್‌ಒ ನೀರಿನದು 20, ಬೇಕಾದದ್ದು 100 ಎಂದಾದರೆ, ಬೇಕಾದ ಅಂಕಿಯಿಂದ ಆರ್‌ಒ ಅಂಕಿಯನ್ನು ಕಳೆದು ಬರುವ 80ನ್ನು, ಎರಡು ನೀರುಗಳ ವ್ಯತ್ಯಾಸವಾದ 430ರಿಂದ ಭಾಗಿಸಬೇಕು, ಬರುವ 0.186 ಎಂದರೆ 100 ಲೀಟರಿಗೆ ಸುಮಾರು 19 ಲೀಟರ್ ಕೊಳವೆಬಾವಿ ನೀರು, 81 ಲೀಟರ್ ಆರ್‌ಒ ನೀರು. ಕ್ಷಾರೀಯತೆ ಮತ್ತು ಟಿಡಿಎಸ್‌ಗೂ ಇದೇ ಲೆಕ್ಕ ಸಲ್ಲುತ್ತದೆ, ಪಿಎಚ್‌ಗೆ ಮಾತ್ರ ಸಲ್ಲುವುದಿಲ್ಲ. ಅದನ್ನು ಬೆರಕೆಯಾದ ಮೇಲೆ ಗಾಳಿಯಾಡಿಸಿ ಅಳೆದೇ ತಿಳಿಯಬೇಕು. ಕ್ಷಾರೀಯತೆ ಹೀಗೆ ಇಳಿದ ಮೇಲೆ ಕಾಡುಬಾದಾಮಿಯ ಎಲೆಯೂ ತನ್ನ ಕೆಲಸ ತೋರುತ್ತದೆ.

ಮಳೆನೀರು ಈ ಸೀಮೆಗೆ ಇನ್ನೂ ಸಹಜವಾದ ಮೂಲ. 100 ಚದರ ಮೀಟರ್ ಛಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2000 ಲೀಟರ್ ಆಗುತ್ತದೆ. ನಷ್ಟ ಕಳೆದರೂ ಹದಿನಾರು ನೂರು ಲೀಟರ್ ಕೈಗೆ ಸಿಗುತ್ತದೆ, ಒಂದು ಮನೆಯ ಮೊಟ್ಟೆತೊಟ್ಟಿಗಳಿಗೆ ಇದು ತಿಂಗಳುಗಟ್ಟಲೆ ಸಾಕು. ಚಿಕ್ಕಬಳ್ಳಾಪುರದ ಸುತ್ತಲಿನ ಹೂವು-ತರಕಾರಿ ಪಾಲಿಹೌಸ್‌ಗಳ ಛಾವಣಿಯಿಂದ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿಗೆ ಇಳಿಯುವ ನೀರು ಮಣ್ಣನ್ನು ಮುಟ್ಟದೆ ಉಳಿಯುವುದರಿಂದ ಮೆದುವಾಗಿಯೇ ಇರುತ್ತದೆ. ಅದೇ ಹೊಂಡಕ್ಕೆ ಬೇಸಿಗೆಯಲ್ಲಿ ಕೊಳವೆಬಾವಿ ನೀರು ಬಿಟ್ಟರೆ ಆ ಗುಣ ಹೋಗುತ್ತದೆ. ಮೊದಲ ಮಳೆಯ ನೀರನ್ನು ಧೂಳು, ಹಕ್ಕಿಯ ಹಿಕ್ಕೆ, ಕೀಟನಾಶಕದ ಸಿಂಪಡಣೆಗಳ ಕಾರಣದಿಂದ ಹೊರಗೆ ಬಿಟ್ಟು, ಸಿಮೆಂಟ್ ತೊಟ್ಟಿಯ ಬದಲು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿಡಬೇಕು. ಹೊಸ ಸಿಮೆಂಟ್ ಸುಣ್ಣ ಬಿಟ್ಟುಕೊಟ್ಟು ಮೆದು ನೀರನ್ನು ಕ್ಷಾರೀಯಗೊಳಿಸುತ್ತದೆ.

ಗಡಸುಗೊಳಿಸುವಿಕೆ

ಮಳೆನೀರು ಅಥವಾ ಆರ್‌ಒ ನೀರು ಮಾತ್ರ ಸಿಗುವಲ್ಲಿ ಗಪ್ಪಿ, ಮಾಲಿಗಳನ್ನು ಬೆಳೆಸಲು ಗಡಸುತನ ಸೇರಿಸಬೇಕಾಗುತ್ತದೆ. ಸ್ಥಳೀಯವಾಗಿ ಇದಕ್ಕೆ ಕೊಳವೆಬಾವಿಯ ನೀರೇ ಸುಲಭವಾದ ಸಾಧನ. ಕ್ಷಾರೀಯತೆಯನ್ನಷ್ಟೇ ಏರಿಸಬೇಕಾದರೆ ಅಡುಗೆ ಸೋಡಾ ಸಾಕು. 100 ಲೀಟರಿಗೆ 3 ಗ್ರಾಂ ಸೋಡಾ ಕ್ಷಾರೀಯತೆಯನ್ನು ಒಂದು ಜರ್ಮನ್ ಡಿಗ್ರಿಯಷ್ಟು ಏರಿಸುತ್ತದೆ. ಮೆಗ್ನೀಸಿಯಂಗೆ ಎಪ್ಸಮ್ ಉಪ್ಪು, ಕ್ಯಾಲ್ಸಿಯಂಗೆ ಕ್ಯಾಲ್ಸಿಯಂ ಕ್ಲೋರೈಡ್, ನಿಧಾನವಾದ ಏರಿಕೆಗೆ ಶೋಧಕದಲ್ಲಿ ಚಿಪ್ಪಿನ ಚೂರು ಅಥವಾ ಸುಣ್ಣಕಲ್ಲು ಬಳಸಬಹುದು. ಸೋಡಿಯಂ ಬೈಕಾರ್ಬನೇಟ್ ಪ್ರಧಾನವಾದ, ಕ್ಯಾಲ್ಸಿಯಂ ಕಡಿಮೆಯಿರುವ ಬಾವಿಗಳ ನೀರಿಗೂ ಕ್ಯಾಲ್ಸಿಯಂ ಸೇರಿಸುವುದು ಬೇಕಾಗಬಹುದು. ಅಡುಗೆ ಉಪ್ಪು ಟಿಡಿಎಸ್ ಏರಿಸುತ್ತದೆಯೇ ಹೊರತು ಗಡಸುತನವನ್ನಲ್ಲ.

ಅಮೋನಿಯಾ, ಮೇವು ಮತ್ತು ಸ್ಥಿರತೆ

ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ವಿಷಕಾರಿಯಾದ ಅಮೋನಿಯಾ, ಬಹುಮಟ್ಟಿಗೆ ನಿರುಪದ್ರವಿಯಾದ ಅಮೋನಿಯಂ ಅಯಾನು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಪ್ರಮಾಣದ ಸುಮಾರು ಶೇ 0.6ರಷ್ಟು ಮಾತ್ರ ವಿಷರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಶೇ 5ನ್ನು ದಾಟುತ್ತದೆ, 8.5ರಲ್ಲಿ ಶೇ 15ರಷ್ಟಾಗುತ್ತದೆ. ಅಂದರೆ ಈ ಸೀಮೆಯ ನೀರಿನಲ್ಲಿ ಮೇವು ಹೆಚ್ಚಾದರೆ ಅದರ ದಂಡ ಬೇರೆಡೆಗಿಂತ ಬೇಗ ತೆರಬೇಕಾಗುತ್ತದೆ.

ಮೆದುಗೊಳಿಸಿದ ತೊಟ್ಟಿಯಲ್ಲಿ ಅಪಾಯದ ಸ್ವರೂಪ ಬೇರೆ. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್‌ಗಳಾಗಿ ಬದಲಿಸುವ ಶೋಧಕದ ಬ್ಯಾಕ್ಟೀರಿಯಾಗಳು ಆ ಕೆಲಸದಲ್ಲಿ ಕ್ಷಾರೀಯತೆಯನ್ನು ತಿಂದುಹಾಕುತ್ತವೆ. ಕ್ಷಾರೀಯತೆ ಬರಿದಾದರೆ ಪಿಎಚ್ ಒಮ್ಮೆಲೇ ಕುಸಿಯುತ್ತದೆ, 6ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾಗಳ ಕೆಲಸವೂ ಮಂದವಾಗುತ್ತದೆ. ಆಗ ಸಂಗ್ರಹವಾಗುವ ಅಮೋನಿಯಂ ಆಮ್ಲೀಯ ನೀರಿನಲ್ಲಿ ಅಪಾಯ ಮಾಡದೆ ಕೂತಿರುತ್ತದೆ. ಆ ತೊಟ್ಟಿಗೆ ಕಚ್ಚಾ ಕೊಳವೆಬಾವಿ ನೀರನ್ನು ಸುರಿದ ಕ್ಷಣ ಪಿಎಚ್ ಜಿಗಿದು ಅದೇ ಅಮೋನಿಯಂ ವಿಷವಾಗಿ ಮಾರ್ಪಡುತ್ತದೆ. ನೀರು ಬದಲಿಸಿದ ಮೇಲೆ ಮರಿಗಳು ಸಾಲಾಗಿ ಸಾಯುವುದಕ್ಕೆ ಇದು ಒಂದು ಮುಖ್ಯ ಕಾರಣ. ಮೆದು ನೀರಿನ ತೊಟ್ಟಿಗೆ ಅದೇ ಹದದ ನೀರನ್ನೇ, ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ಬದಲಿಸಬೇಕು.

ಆವಿಯಾದ ನೀರನ್ನು ಕೊಳವೆಬಾವಿ ನೀರಿನಿಂದ ತುಂಬುತ್ತ ಹೋದರೆ ಲವಣ ಒಟ್ಟುಗೂಡುತ್ತದೆ, ಏಕೆಂದರೆ ಆವಿಯಾಗುವುದು ಶುದ್ಧ ನೀರು ಮಾತ್ರ. 600 ಟಿಡಿಎಸ್‌ನ 100 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ 5 ಲೀಟರ್ ಆವಿಯಾಗಿ ಅದೇ ನೀರಿನಿಂದ ತುಂಬಿದರೆ ವಾರಕ್ಕೆ 30ರಂತೆ ಹತ್ತು ವಾರದಲ್ಲಿ 300 ಸೇರಿ ಟಿಡಿಎಸ್ 900 ಮುಟ್ಟುತ್ತದೆ. ಆವಿಯಾದಷ್ಟನ್ನು ಮಳೆನೀರು ಅಥವಾ ಆರ್‌ಒ ನೀರಿನಿಂದ ತುಂಬುವುದು ಇದಕ್ಕೆ ಉತ್ತರ.

ರೇಷ್ಮೆ ಕಸುಬಿನೊಡನೆ ಈ ವಿಷಯಕ್ಕೆ ಎರಡು ಬಗೆಯ ನಂಟಿದೆ. ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕಗಳಲ್ಲಿ ಗೂಡಿನಿಂದ ಉಳಿಯುವ ಪ್ಯೂಪಾ ಪ್ರೋಟೀನ್ ತುಂಬಿದ ಮೀನಿನ ಮೇವು. ಆದರೆ ಅದರಲ್ಲಿ ಎಣ್ಣೆಯಂಶವೂ ಹೇರಳವಾಗಿರುವುದರಿಂದ ಎಣ್ಣೆ ತೆಗೆಯದೆ ಹಾಕಿದರೆ ನೀರಿನ ಮೇಲೆ ಜಿಡ್ಡಿನ ಪರೆ ಕಟ್ಟಿ, ಕೊಳೆತು, ಅಮೋನಿಯಾ ಏರುತ್ತದೆ. ಇನ್ನೊಂದು, ಹುಳು ಸಾಕುವ ಮನೆಗಳನ್ನು ಸೋಂಕುರಹಿತಗೊಳಿಸಲು ಬಳಸುವ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ. ಅದೇ ಬಕೆಟ್, ಅದೇ ಪೈಪನ್ನು ಮೀನಿನ ತೊಟ್ಟಿಗೆ ಬಳಸಿದರೆ ಕ್ಲೋರಿನ್ ಮತ್ತು ತೀವ್ರ ಕ್ಷಾರ ಎರಡೂ ಮರಿಗಳನ್ನು ಕೊಲ್ಲುತ್ತವೆ. ನಲ್ಲಿ ನೀರಿನ ಕ್ಲೋರಿನ್ ಅನ್ನು ಒಂದು ದಿನ ಗಾಳಿಯಾಡಿಸಿ ಅಥವಾ ಸೋಡಿಯಂ ಥಯೋಸಲ್ಫೇಟ್ ಹಾಕಿ ನಿವಾರಿಸಬಹುದು.

ಹೊಂದಾಣಿಕೆ ಮತ್ತು ಹೊಣೆ

ಯಾವ ಬದಲಾವಣೆಯೂ ಹಠಾತ್ತನೆ ಆಗಬಾರದು. ಪಿಎಚ್ ದಿನಕ್ಕೆ 0.2ರಿಂದ 0.3ಕ್ಕಿಂತ ಹೆಚ್ಚು ಬದಲಾಗದಂತೆ, ಟಿಡಿಎಸ್ ಹಂತಹಂತವಾಗಿ ಇಳಿಯುವಂತೆ ನೋಡಿಕೊಂಡು ತಳಿಮೀನುಗಳನ್ನು ಮೆದು ನೀರಿಗೆ ಒಗ್ಗಿಸಬೇಕು. ಮೆದು ನೀರಿನಲ್ಲಿ ಹುಟ್ಟಿದ ಮರಿಗಳನ್ನು ಈಜಲು ತೊಡಗಿದ ಕೆಲವು ವಾರಗಳ ನಂತರ ಅಷ್ಟೇ ನಿಧಾನವಾಗಿ ಸ್ಥಳೀಯ ನೀರಿಗೆ ತರಬೇಕು. ಮೂಳೆ ಬೆಳೆಯಲು ಅವಕ್ಕೆ ಕ್ಯಾಲ್ಸಿಯಂ ಬೇಕು. ಕೊಳ್ಳುವವರ ಮನೆಯಲ್ಲಿರುವುದೂ ಗಡಸು ನೀರೇ ಆಗಿರುತ್ತದೆ. ಈ ಕಾರಣದಿಂದ ಇಡೀ ಸಾಕಣೆಕೇಂದ್ರದ ನೀರನ್ನು ಮೆದುಗೊಳಿಸುವ ಅಗತ್ಯವಿಲ್ಲ. 20ರಿಂದ 50 ಲೀಟರಿನ ಮೊಟ್ಟೆತೊಟ್ಟಿಗಳಿಗೆ ಮಾತ್ರ ಆ ಶ್ರಮ ಸಾಕು.

ಹೆಚ್ಚಾದ ಮರಿಗಳನ್ನು ಕೆರೆ, ಕುಂಟೆಗಳಿಗೆ ಬಿಡುವುದು ಸ್ಥಳೀಯ ಮೀನುಗಳಿಗೆ ಮುಳುವಾಗುತ್ತದೆ. ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ದಕ್ಷಿಣ ಭಾರತದ ಕೆರೆಗಳಲ್ಲಿ ಹರಡಿರುವುದು ಅಕ್ವೇರಿಯಂನಿಂದಲೇ. ನೀರಿನ ಪರೀಕ್ಷೆಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳು, ಸಾಕಣೆಯ ಸಲಹೆಗೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗಳು ಮತ್ತು ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಈ ಸೀಮೆಯವರಿಗೆ ಸಮೀಪದ ಆಶ್ರಯಗಳು.

ಒಟ್ಟಿನಲ್ಲಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಮೀನಿನ ಸಂತಾನ ಬೆಳೆಸಹೊರಟವರಿಗೆ ಕ್ರಮ ಒಂದೇ: ಮೊದಲು ತಮ್ಮ ಬಾವಿಯ ನೀರನ್ನು ಅಳೆಯುವುದು, ಆ ನೀರಿಗೆ ತಕ್ಕ ಮೀನನ್ನು ಆರಿಸುವುದು, ಮಳೆನೀರು ಅಥವಾ ಆರ್‌ಒ ನೀರಿನ ದಾಸ್ತಾನು ಕೈಯಲ್ಲಿದ್ದಾಗ ಮಾತ್ರ ಮೆದು ನೀರಿನ ಮೀನಿಗೆ ಕೈಹಾಕುವುದು. ಬೈಕಾರ್ಬನೇಟ್ ಇಳಿಸದೆ ಪಿಎಚ್ ಇಳಿಸಲು ಹೋಗುವ ಪ್ರಯತ್ನ ಇಲ್ಲಿ ಫಲ ಕೊಡುವುದಿಲ್ಲ.